ಮಡಿಕೇರಿ ಹಿತ್ತಲಲ್ಲಿ ತರಕಾರಿ: ಯಾವ ತಿಂಗಳು ಏನು ಹಾಕುವುದು?

ಕೇಳಿದ್ದು: ನಾವು ಮೈಸೂರು ಬಿಟ್ಟು ಮಡಿಕೇರಿಗೆ ಬಂದಿದ್ದೇವೆ. ಮನೆ ಹಿಂದೆ ಮೂರ್ನಾಲ್ಕು ಸೆಂಟ್ ಜಾಗ ಇದೆ, ಸ್ವಲ್ಪ ಇಳಿಜಾರು. ಮನೆಗೆ ಬೇಕಾದಷ್ಟು ತರಕಾರಿ ನಾವೇ ಬೆಳೆಯುವ ಆಸೆ. ಬೀಜದ ಪ್ಯಾಕೆಟ್ ಮೇಲೆ ಜೂನ್–ಜುಲೈನಲ್ಲಿ ಬಿತ್ತಿ ಎಂದು ಬರೆದಿದೆ. ಪಕ್ಕದ ಮನೆ ಆಂಟಿಗೆ ಅದನ್ನು ಓದಿ ಹೇಳಿದರೆ ಜೋರಾಗಿ ನಕ್ಕರು, ಕಾರಣ ಮಾತ್ರ ಹೇಳಲಿಲ್ಲ. ಇಲ್ಲೇ ಬೆಳೆದವರು ಯಾವಾಗ ಏನು ಹಾಕುತ್ತೀರಿ? ಅನುಭವ ಹೇಳ್ತೀರಾ?

ಗಾಳಿಬೀಡು ಕಡೆಯಿಂದ:

ಆಂಟಿ ನಕ್ಕಿದ್ದರಲ್ಲಿ ತಪ್ಪೇನಿಲ್ಲ ಅಕ್ಕ. ಆ ಪ್ಯಾಕೆಟ್ ಬರೆದಿರುವುದು ಬಯಲುಸೀಮೆಗೆ. ಅಲ್ಲಿ ಮಳೆ ಬಂದರೆ ಬಿತ್ತನೆ. ಇಲ್ಲಿ ಮಳೆ ನಿಂತರೆ ಬಿತ್ತನೆ. ಮಡಿಕೇರಿಯಲ್ಲಿ ವರ್ಷಕ್ಕೆ 100 ಇಂಚು ದಾಟುವುದು ಮಾಮೂಲು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳು ಗಿಡಕ್ಕೆ ನೀರಿನ ಚಿಂತೆ ಇಲ್ಲ, ಬಿಸಿಲಿನದ್ದೇ ಚಿಂತೆ. ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ, ಬೇರಿನ ಹತ್ತಿರ ನೀರು ನಿಲ್ಲುತ್ತದೆ, ಹೂ ಬಿಟ್ಟರೂ ಜೇನುನೊಣ ಬರುವುದಿಲ್ಲ, ಮತ್ತೆ ಕಾಯಿ ಎಲ್ಲಿಂದ ಬರಬೇಕು?

ಅದಕ್ಕೆ ನಮ್ಮ ಮನೆಯಲ್ಲಿ ತರಕಾರಿಯ ವರ್ಷ ಶುರುವಾಗುವುದು ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್ ಕಳೆದ ಮೇಲೆ. ಸೆಪ್ಟೆಂಬರ್ ಮೊದಲ ವಾರ ಆಯುಧ ಪೂಜೆ, ಊಟ ಎಲ್ಲ ಮುಗಿದ ಮೇಲೆ ಜಗಲಿಯ ಅಂಚಿನಲ್ಲಿ, ಎರಚಲು ಹೊಡೆಯದ ಕಡೆ, ಟ್ರೇಯಲ್ಲಿ ಕೋಸು, ಹೂಕೋಸು, ನವಿಲುಕೋಸಿನ ಸಸಿ ಮಡಿ ಮಾಡುತ್ತೇವೆ. ಸಸಿ ನಾಟಿಗೆ ಬರಲು 25–30 ದಿನ ಬೇಕು. ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣ ಬರುತ್ತದಲ್ಲ, ತಲಕಾವೇರಿಗೆ ಹೋಗಿ ಬಂದ ಮೇಲೆ ಸಸಿ ನೆಲಕ್ಕೆ. ಅದೇ ವಾರ ಮೂಲಂಗಿ, ಬೀಟ್ರೂಟ್, ಕ್ಯಾರೆಟ್, ಮೆಂತ್ಯ, ಕೊತ್ತಂಬರಿ ನೇರವಾಗಿ ಮಡಿಗೆ ಬಿತ್ತುತ್ತೇವೆ. ಕ್ಯಾರೆಟ್, ಮೂಲಂಗಿಯನ್ನು ಕಿತ್ತು ನೆಡಲು ಹೋಗಬೇಡಿ, ಬೇರು ಕವಲೊಡೆಯುತ್ತದೆ. ಬೀನ್ಸ್ ಕೂಡ ಆಗಲೇ. ಅರ್ಕಾ ಕೋಮಲ್ ಎನ್ನುವ ಪೊದೆ ಜಾತಿ ಇದೆ, ಅದಕ್ಕೆ ಕೋಲು ಕೊಡುವ ಕೆಲಸ ಇಲ್ಲ. ಬಟಾಣಿ ನವೆಂಬರ್‌ಗೆ. ಎಲ್ಲವನ್ನೂ ಒಂದೇ ದಿನ ಬಿತ್ತಬೇಡಿ, ಎರಡು ವಾರ ಬಿಟ್ಟು ಬಿಟ್ಟು ಬಿತ್ತಿ. ಇಲ್ಲದಿದ್ದರೆ ಡಿಸೆಂಬರ್‌ನಲ್ಲಿ ಬೀದಿಗೆಲ್ಲ ಮೂಲಂಗಿ ಹಂಚಬೇಕಾಗುತ್ತದೆ.

ಡಿಸೆಂಬರ್–ಜನವರಿಯ ಚಳಿಗೆ ಕೋಸು ಜಾತಿಯವು ಖುಷಿಯಾಗಿರುತ್ತವೆ. ಬೆಂಡೆ, ಹೀರೆ ಮಾತ್ರ ಆಗ ಮುನಿಸಿಕೊಂಡು ಕೂತುಬಿಡುತ್ತವೆ. ಇಬ್ಬನಿ ಜಾಸ್ತಿ, ಬಟಾಣಿ ಎಲೆಗೆ ಬೂದಿರೋಗ ಬರುವುದು ಆಗಲೇ. ನೀರು ಬೆಳಗ್ಗೆ ಹಾಕಿ, ಬುಡಕ್ಕೆ ಹಾಕಿ, ಎಲೆ ನೆನೆಸಬೇಡಿ.

ಮುಂದಿನ ಸರದಿ ಬಳ್ಳಿ ತರಕಾರಿಯದ್ದು. ಇಲ್ಲಿ ಲೆಕ್ಕವನ್ನು ಹಿಂದಿನಿಂದ ಹಾಕಬೇಕು, ಅಂದರೆ ಜೂನ್ ಒಂದನೇ ತಾರೀಕಿನಿಂದ ಹಿಂದಕ್ಕೆ. ಸೌತೆಗೆ 45–50 ದಿನ, ಹಾಗಲಕ್ಕೆ ಎರಡು ತಿಂಗಳು, ಕುಂಬಳ ಬಲಿಯಲು ಮೂರು ತಿಂಗಳಿಗಿಂತ ಜಾಸ್ತಿ. ಹಾಗಾಗಿ ಕುಂಬಳವನ್ನು ಫೆಬ್ರವರಿ ಮೊದಲ ವಾರದೊಳಗೆ ಹಾಕಲೇಬೇಕು. ಹೂ ಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬರಲಿ ಎಂದು ಮಾರ್ಚ್ ಕೊನೆಯವರೆಗೆ ಕಾಯುವವರಿಗೆ ಸೌತೆ ಸಿಗುತ್ತದೆ, ಬಲಿತ ಕುಂಬಳ ಸಿಗುವುದಿಲ್ಲ. ಬೆಂಡೆ, ಅಲಸಂದೆ, ಬದನೆಗೂ ಫೆಬ್ರವರಿಯೇ ಒಳ್ಳೆಯದು. ಆಗ ನೀರು ಹಾಕಲೇಬೇಕು. ಬುಡಕ್ಕೆ ಹಾಲುವಾಣದ ಸೊಪ್ಪು ಮುಚ್ಚಿ, ಬೇಗ ಕೊಳೆತು ಗೊಬ್ಬರವೂ ಆಗುತ್ತದೆ. ಸಿಲ್ವರ್ ಓಕ್ ಎಲೆ ತೇವ ಹಿಡಿಯಲು ಪರವಾಗಿಲ್ಲ, ಕೊಳೆಯುವುದು ಮಾತ್ರ ನಿಧಾನ.

ಏಪ್ರಿಲ್–ಮೇನಲ್ಲಿ ಒಂದೆರಡು ಇಂಚು ಮಳೆ ಬಿದ್ದ ಮೇಲೆ ಗೆಡ್ಡೆಗಳ ಕೆಲಸ: ಕೆಸ, ಸುವರ್ಣಗೆಡ್ಡೆ, ಹುತ್ತರಿ ಗೆಣಸು, ಅರಿಶಿನ, ಶುಂಠಿ. ಶುಂಠಿಗೆ ಮಾತ್ರ ಏರು ಮಡಿ ಬೇಕೇ ಬೇಕು, ನೀರು ನಿಂತರೆ ಕೊಳೆತೇ ಹೋಗುತ್ತದೆ. ಹುತ್ತರಿ ಗೆಣಸನ್ನು ಆಗ ನೆಟ್ಟರೆ ನವೆಂಬರ್–ಡಿಸೆಂಬರ್‌ಗೆ, ಹಬ್ಬಕ್ಕೆ ಸರಿಯಾಗಿ, ಅಗೆಯಲು ಬರುತ್ತದೆ. ಬಳ್ಳಿ ಹತ್ತಲು ಒಂದು ಮರ ತೋರಿಸಿದರೆ ಸಾಕು, ಮತ್ತೇನೂ ಕೇಳುವುದಿಲ್ಲ. ಸೀಮೆ ಬದನೆಯೂ ಮಡಿಕೇರಿ ಹವೆಗೆ ಹೇಳಿ ಮಾಡಿಸಿದ್ದು. ಮೊಳಕೆ ಬಂದ ಇಡೀ ಕಾಯಿಯನ್ನೇ ಅರ್ಧ ಮಣ್ಣಿನಲ್ಲಿ ಹೂತರಾಯಿತು. ಚಪ್ಪರ ಗಟ್ಟಿ ಇರಲಿ, ಕಾಯಿ ಹಿಡಿಯಲು ಶುರುವಾದರೆ ಸಾಕಪ್ಪಾ ಅನಿಸುವಷ್ಟು ಬಿಡುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ತೆರೆದ ಜಾಗದಲ್ಲಿ ನಾನು ಏನನ್ನೂ ಬಿತ್ತುವುದಿಲ್ಲ. ಬಿದಿರಿನ ಗೂಟ ನಿಲ್ಲಿಸಿ, ಮೇಲೆ ಪಾಲಿಹೌಸಿಗೆ ಬಳಸುವ ಬಿಳಿ ಯುವಿ ಶೀಟ್ ಎಳೆದು ಕಟ್ಟಿದ ಚಪ್ಪರದ ಅಡಿಯಲ್ಲಿ ಹರಿವೆ, ಬಸಳೆ, ಪುದೀನ, ನಾಲ್ಕು ಗಾಂಧಾರಿ ಮೆಣಸಿನ ಗಿಡ ಇರುತ್ತವೆ. ಅಷ್ಟೇ. ಚಕ್ರಮುನಿ ಸೊಪ್ಪಿನ ಗಿಡ ಬೇಲಿ ಬದಿಗೆ ನೆಟ್ಟುಬಿಡಿ, ಅದು ಮಳೆಗೆ ಹೆದರುವುದಿಲ್ಲ. ನಮ್ಮ ಹಿರಿಯರು ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ತರಕಾರಿ ಬೆಳೆದವರೇ ಅಲ್ಲ. ಕೆಸದೆಲೆ, ಕಣಿಲೆ (ಎಳೆ ಬಿದಿರು), ಅಣಬೆ, ತೆರ್ಮೆ ಸೊಪ್ಪು (ಜರಿಗಿಡದ ಎಳೆ ಚಿಗುರು), ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ, ಜೊತೆಗೆ ಬೇಸಿಗೆಯಲ್ಲೇ ಉಪ್ಪಿನಲ್ಲಿ ಹಾಕಿಟ್ಟ ಮಾವು, ಹಲಸು, ಅಟ್ಟದ ತೊಲೆಗೆ ತೂಗು ಹಾಕಿದ ಸೌತೆ. ಮದ್ದು ಸೊಪ್ಪಿನ ಒಂದು ಗಿಡ ಹಿತ್ತಲಲ್ಲಿ ಇರಲಿ, ರೆಂಬೆ ಊರಿದರೆ ಬರುತ್ತದೆ. ಪಾಯಸ ತಿಂದ ಮಾರನೇ ದಿನ ಮೂತ್ರ ಕೆಂಪಗೆ ಹೋದರೆ ಗಾಬರಿ ಬೀಳಬೇಡಿ, ಅದು ಸೊಪ್ಪಿನ ಬಣ್ಣ. ಕಣಿಲೆಯನ್ನು ಮಾತ್ರ ನೀರು ಬದಲಿಸುತ್ತಾ ನೆನೆಸಿಡದೆ ಅಡುಗೆಗೆ ಹಾಕಬೇಡಿ, ಹಸಿಯದರಲ್ಲಿ ವಿಷದ ಅಂಶ ಇರುತ್ತದೆ. ಅಣಬೆ ಗುರುತು ಗೊತ್ತಿಲ್ಲದಿದ್ದರೆ ಕೀಳಲೇಬೇಡಿ.

ಕುಶಾಲನಗರದಿಂದ:

ಮೇಲಿನವರು ಹೇಳಿದ್ದು ಮಡಿಕೇರಿಗೆ ಸರಿ. ಇದನ್ನು ಓದುವ ಕುಶಾಲನಗರ, ಹೆಬ್ಬಾಲೆ ಕಡೆಯವರು ಅದನ್ನೇ ಮಾಡಲು ಹೋಗಬೇಡಿ. ನಮಗೆ ಮಡಿಕೇರಿಯ ಅರ್ಧದಷ್ಟು ಮಳೆಯೂ ಬರುವುದಿಲ್ಲ. ಇಲ್ಲಿ ಜೂನ್‌ನಲ್ಲೇ ಬೆಂಡೆ, ಬದನೆ, ಅವರೆ, ಮೆಣಸು ಹಾಕುತ್ತೇವೆ, ಚೆನ್ನಾಗಿಯೇ ಬರುತ್ತದೆ. ನುಗ್ಗೆ ಕೂಡ ಇಲ್ಲಿ ಕಾಯಿ ಬಿಡುತ್ತದೆ. ಮಡಿಕೇರಿಯ ನನ್ನ ಅಕ್ಕನ ಮನೆಯ ನುಗ್ಗೆ ಗಿಡದಲ್ಲಿ ಬರೀ ಸೊಪ್ಪು, ಅವಳಿಗೆ ಕಾಯಿ ನಾನೇ ಕೊಂಡೊಯ್ಯುವುದು. ಒಂದೇ ಜಿಲ್ಲೆ, ಮೂವತ್ತು ಕಿಲೋಮೀಟರ್ ದೂರ, ಬಿತ್ತನೆ ಮಾತ್ರ ಪೂರ್ತಿ ಬೇರೆ. ನಿಮ್ಮ ಜಾಗದಲ್ಲಿ ಎಷ್ಟು ಮಳೆ ಬೀಳುತ್ತದೆ ಎಂದು ತಿಳಿಯಲು ಹತ್ತಿರದ ಕಾಫಿ ತೋಟದವರನ್ನು ಕೇಳಿ. ಅವರು ಇಂಚು, ಸೆಂಟಿನ ಲೆಕ್ಕದಲ್ಲಿ ದಿನಾ ಬರೆದಿಟ್ಟಿರುತ್ತಾರೆ.

ವಿರಾಜಪೇಟೆಯಿಂದ:

ಮಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮಣ್ಣು ಹುಳಿ. ಇಷ್ಟು ಮಳೆ ಬೀಳುವ ಕಡೆ ಸುಣ್ಣದ ಅಂಶವೆಲ್ಲ ತೊಳೆದುಹೋಗುತ್ತದೆ, ಅದಕ್ಕೇ ಕಾಫಿ ತೋಟಕ್ಕೂ ಸುಣ್ಣ ಹಾಕುವುದು. ಮಳೆ ಬಿಟ್ಟ ಕೂಡಲೇ ಮಡಿಗೆ ಕೃಷಿ ಸುಣ್ಣ ಬೆರೆಸಿ, ಎರಡು ಮೂರು ವಾರ ಬಿಟ್ಟು ಕೊಟ್ಟಿಗೆ ಗೊಬ್ಬರ ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಎಷ್ಟು ಸುಣ್ಣ ಎನ್ನುವುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಿ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಬಚ್ಚಲ ಒಲೆಯ ಬೂದಿಯೂ ಹುಳಿ ಇಳಿಸುತ್ತದೆ, ಆದರೆ ಗೀಸರ್ ಬಂದ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು?

ಕಾಫಿ ಸಿಪ್ಪೆ ಪುಕ್ಕಟೆ ಸಿಗುತ್ತದೆ ಎಂದು ಹಸಿಯಾಗಿಯೇ ಗಿಡದ ಬುಡಕ್ಕೆ ಸುರಿಯುವವರಿದ್ದಾರೆ. ಅದು ಅಲ್ಲೇ ಕೊಳೆಯುವಾಗ ಬಿಸಿಯಾಗಿ ಬೇರು ಸುಡುತ್ತದೆ. ಸಗಣಿ ನೀರು ಚಿಮುಕಿಸಿ, ರಾಶಿ ಹಾಕಿ, ಆಗಾಗ ಮಗುಚಿ, ಕಪ್ಪಾಗಿ ಮಣ್ಣಿನ ವಾಸನೆ ಬಂದ ಮೇಲೆ ಬಳಸಿ.

ಇನ್ನೊಂದು, ನಿಮ್ಮದು ಇಳಿಜಾರು ಅಂದಿರಿ. ಮಡಿಗಳನ್ನು ಇಳಿಜಾರಿಗೆ ಅಡ್ಡವಾಗಿ ಮಾಡಿ, ಒಂದು ಅಡಿಯಾದರೂ ಎತ್ತರ ಇರಲಿ, ಮಡಿಗಳ ನಡುವಿನ ಚರಂಡಿ ನೀರು ಪಕ್ಕದ ದೊಡ್ಡ ಚರಂಡಿಗೆ ಹೋಗುವಂತಿರಲಿ. ಬಯಲುಸೀಮೆಯವರ ವಿಡಿಯೋ ನೋಡಿ ಇಂಗುಗುಂಡಿ ತೋಡಬೇಡಿ. ಮನೆ ಹಿಂದಿನ ಬರೆಯೊಳಗೆ (ಕಡಿದಾದ ಮಣ್ಣಿನ ದಿಬ್ಬ) ನೀರು ಇಳಿಸುವುದು ಎಷ್ಟು ಅಪಾಯ ಎಂದು 2018ರ ಆಗಸ್ಟ್‌ನ ಭೂಕುಸಿತ ನೋಡಿದವರಿಗೆ ಹೇಳಬೇಕಾಗಿಲ್ಲ. ಬರೆಯ ಅಂಚಿಗೆ ಲಾವಂಚ ಅಥವಾ ಮಜ್ಜಿಗೆ ಹುಲ್ಲು ನೆಡಿ, ಬೇರು ಮಣ್ಣು ಹಿಡಿಯುತ್ತದೆ.

ಸಿದ್ದಾಪುರದಿಂದ:

ನೀವೆಲ್ಲ ಮಳೆ ಬಗ್ಗೆ ಮಾತಾಡುತ್ತಿದ್ದೀರಿ. ನಮಗೆ ಆನೆ! ಹಿತ್ತಲಲ್ಲಿ ಬಾಳೆ ಹಾಕುವುದನ್ನೇ ಬಿಟ್ಟಿದ್ದೇವೆ, ಹಲಸಿನ ಕಾಯಿಯನ್ನು ಎಳೆಯದಾಗಿರುವಾಗಲೇ ಇಳಿಸಿಬಿಡುತ್ತೇವೆ. ಮಡಿಕೇರಿ ಪೇಟೆಯಲ್ಲಿ ನಿಮಗೆ ಮಂಗನ ಕಾಟವೇ ಜಾಸ್ತಿ ಇರಬಹುದು. ಮಂಗ ಸೌತೆ, ಬೀನ್ಸ್, ಕೋಸು ಬಿಡುವುದಿಲ್ಲ. ಗಾಂಧಾರಿ ಮೆಣಸು, ಹಾಗಲ, ಶುಂಠಿ, ಅರಿಶಿನ, ಕೆಸವನ್ನು ಮುಟ್ಟುವುದು ಕಡಿಮೆ. ಅವನ್ನು ಹೊರಗಿನ ಸಾಲಿಗೆ ಹಾಕಿ, ಆಸೆಯ ತರಕಾರಿ ಮನೆ ಗೋಡೆಗೆ ಹತ್ತಿರ ಇರಲಿ, ಮೇಲೆ ಬಲೆ. ಮುಳ್ಳುಹಂದಿ ಇರುವ ಕಡೆ ಗೆಣಸಿನ ಸುತ್ತ ತಗಡು ಹೂಳಬೇಕು.

ಶನಿವಾರಸಂತೆಯಿಂದ:

ಬಸವನ ಹುಳು ಮರೆತಿರಿ. ಆ ದೊಡ್ಡ ಆಫ್ರಿಕನ್ ಜಾತಿ ಬಂದರೆ ಒಂದೇ ರಾತ್ರಿಗೆ ಸಸಿ ಮಡಿ ಖಾಲಿ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರಡಿ ಪಪ್ಪಾಯ ಎಲೆ, ಕೋಸಿನ ಎಲೆ ಇಟ್ಟರೆ ಬೆಳಗ್ಗೆ ಎಲ್ಲ ಅಲ್ಲೇ ಸಿಗುತ್ತವೆ. ಕೈಗವಸು ಹಾಕಿಕೊಂಡು ಆರಿಸಿ ಉಪ್ಪು ನೀರಿನ ಬಕೆಟ್‌ಗೆ ಹಾಕಿ, ಬರಿಗೈಯಲ್ಲಿ ಮುಟ್ಟಬೇಡಿ. ಉಪ್ಪನ್ನು ಮಾತ್ರ ಮಡಿ ಮೇಲೆ ಉದುರಿಸಬೇಡಿ, ಗಿಡವೂ ಸಾಯುತ್ತದೆ. ಸೌತೆ, ಹಾಗಲ, ಹೀರೆಯೊಳಗೆ ಹುಳ ಬರುವುದು ಹಣ್ಣುನೊಣದಿಂದ. ಅದಕ್ಕೆ ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಕ್ಯೂಲೂರ್ ಬಲೆ ಕೇಳಿ ತನ್ನಿ. ಮಾವು, ಸೀಬೆಗೆ ಕಟ್ಟುವ ಬಲೆ ಬೇರೆ, ಅಂಗಡಿಯವರು ಕೆಲವು ಸಲ ಅದನ್ನೇ ಕೊಟ್ಟು ಕಳಿಸುತ್ತಾರೆ.

ಕೇಳಿದವರು:

ಅಬ್ಬಾ, ಇಷ್ಟೊಂದು! ಎಲ್ಲರಿಗೂ ಥ್ಯಾಂಕ್ಸ್. ಟೊಮೆಟೊ ಬಗ್ಗೆ ಯಾಕೆ ಯಾರೂ ಮಾತೇ ಎತ್ತಲಿಲ್ಲ? ನಮ್ಮ ಮನೆಯಲ್ಲಿ ದಿನಾ ಬೇಕು.

ಗಾಳಿಬೀಡು ಕಡೆಯಿಂದ:

ಎತ್ತದಿರಲು ಕಾರಣ ಇದೆ ಅಕ್ಕ. ಹುಳಿ ಮಣ್ಣು, ತೇವ ಸೇರಿದ ಕಡೆ ಟೊಮೆಟೊಗೆ ಸೊರಗು ರೋಗ ಬೇಗ ಬರುತ್ತದೆ. ನಿನ್ನೆ ಹಸಿರಾಗಿದ್ದ ಗಿಡ ಇವತ್ತು ಹಾಗೇ ಬಾಡಿ ನಿಂತಿರುತ್ತದೆ. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಡಿ, ಸ್ವಲ್ಪ ಹೊತ್ತಿಗೆ ಬಿಳಿ ಎಳೆ ಇಳಿದು ಬಂದರೆ ಅದೇ ರೋಗ. ಔಷಧಿಗೆ ದುಡ್ಡು ಹಾಕಬೇಡಿ. ಗಿಡ ಮಣ್ಣು ಸಮೇತ ಕಿತ್ತು ಹೊರಗೆ ಹಾಕಿ, ಆ ಮಡಿಯಲ್ಲಿ ಎರಡು ಮೂರು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಬೇಡ. ಬೀನ್ಸೋ ಮೂಲಂಗಿಯೋ ಹಾಕಿ.

ಬೇಕೇ ಬೇಕು ಎಂದರೆ ಅರ್ಕಾ ರಕ್ಷಕ್ ತಳಿ ನೋಡಿ, ಅದು ಈ ರೋಗ ತಡೆಯುತ್ತದೆ. ಚೆಟ್ಟಳ್ಳಿಯಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ಕೇಂದ್ರವೇ ಇದೆ, ಬೀಜ ಎಲ್ಲಿ ಸಿಗುತ್ತದೆ ಎಂದು ಅಲ್ಲಿ ಕೇಳಬಹುದು. ಸುಂಡೆಕಾಯಿ ಗಿಡಕ್ಕೆ ಕಸಿ ಕಟ್ಟಿದ ಟೊಮೆಟೊ ಸಸಿ ಸಿಕ್ಕರಂತೂ ಬಿಡಬೇಡಿ. ಸುಂಡೆಯ ಬೇರಿಗೆ ಈ ರೋಗ ಸುಲಭಕ್ಕೆ ತಾಗುವುದಿಲ್ಲ. ನವೆಂಬರ್‌ನಲ್ಲಿ ನೆಟ್ಟು ಮಳೆಗಾಲದ ಮುಂಚೆ ಮುಗಿಸಿ.

ವಿರಾಜಪೇಟೆಯಿಂದ:

ಸುಮ್ನೆ ಯಾಕೆ ಕಷ್ಟ? ಟೊಮೆಟೊ ಮಾರ್ಕೆಟ್‌ನಿಂದ ತನ್ನಿ. ಹುಳಿಗೆ ನಮ್ಮ ಕೊಡಗಿನ ಹಣ್ಣಿನ ಹುಳಿ ರಸ, ಕಾಚಂಪುಳಿ ಇಲ್ಲವಾ.

ಕೇಳಿದವರು:

ಹ್ಹ ಹ್ಹ, ಸರಿ. ಟೊಮೆಟೊ ನಾಲ್ಕೇ ಗಿಡ, ಹೊಸ ಮಣ್ಣು ತುಂಬಿದ ಚೀಲದಲ್ಲಿ ಹಾಕ್ತೀನಿ. ಈಗ ಆಗಸ್ಟ್, ಹಾಗಾದರೆ ಸದ್ಯಕ್ಕೆ ಚರಂಡಿ ಸರಿಮಾಡಿ, ಗೊಬ್ಬರದ ರಾಶಿ ಹಾಕಿ, ಸಸಿ ಟ್ರೇ ತಂದಿಟ್ಟರೆ ಸಾಕು ಅಲ್ವಾ? ಹುತ್ತರಿ ಗೆಣಸಿನ ಬೀಜ ಎಲ್ಲಿ ಸಿಗುತ್ತದೆ?

ಗಾಳಿಬೀಡು ಕಡೆಯಿಂದ:

ಸಾಕು. ಗೆಣಸಿನ ಬೀಜ ಅಂಗಡಿಯಲ್ಲಿ ಹುಡುಕಬೇಡಿ, ಗೆಡ್ಡೆಯ ತಲೆ ಭಾಗವನ್ನೇ ಕತ್ತರಿಸಿ ನೆಡುವುದು. ಹುತ್ತರಿ ಹೊತ್ತಿಗೆ ಸಂತೆಗೆ ಬರುತ್ತದೆ, ತಂದು ಅಡುಗೆಗೆ ಹಾಕುವಾಗ ತಲೆ ಬಿಸಾಡದೆ ಬೂದಿ ಸವರಿ, ಇಲಿ ತಲುಪದ ಕಡೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಇಲ್ಲೇ ಒಂದು ಮಾತು ಹಾಕಿ, ನಮ್ಮ ಮನೆಯಲ್ಲಿ ಪ್ರತಿ ವರ್ಷ ಮಿಗುತ್ತದೆ.