ಎರಡು ದೋಣಿ, ಒಂದು ಚೆಂಡು: ಶ್ರೀನಿವಾಸಪುರದ ಜಗಲಿಯಿಂದ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ನಮ್ಮ ಕನ್ನಡ ಅಪ್ಪ ಅಮ್ಮಂದಿರ ಗುಂಪಿನಲ್ಲಿ ಎರಡು ವಾರದಿಂದ ನಡೆಯುತ್ತಿರುವ "ಶನಿವಾರ ಬೆಳಗ್ಗೆ ಮಕ್ಕಳಿಗೆ ಕನ್ನಡ ಕ್ಲಾಸೋ, ಸಾಕರ್ರೋ (ಅಂದರೆ ಫುಟ್‌ಬಾಲೋ)" ಜಗಳವನ್ನು ಊರಿನಿಂದಲೇ ಓದುತ್ತಿದ್ದೇನೆ. ರಜೆಗೆ ಶ್ರೀನಿವಾಸಪುರಕ್ಕೆ ಬಂದಿದ್ದೇವೆ. ಮಾವಿನ ಕಾಲ. ಮಂಡಿ ಕಡೆ ಹೋದರೆ ತೋತಾಪುರಿ ಹೇರಿಕೊಂಡ ಟ್ರ್ಯಾಕ್ಟರ್‌ಗಳ ಸಾಲು. ಮನೆಯಲ್ಲಿ ಮಂಚದ ಕೆಳಗೆಲ್ಲ ಹುಲ್ಲು ಹಾಸಿ ಬಾದಾಮಿ ಹಣ್ಣಿಗಿಟ್ಟಿದ್ದಾರೆ. ಬರೆಯೋಕೆ ಪುರುಸೊತ್ತೇ ಇರಲಿಲ್ಲ. ಆದರೆ ನಿನ್ನೆ ಸಂಜೆ ನಮ್ಮ ಜಗಲಿ ಮೇಲೂ ಅದೇ ಜಗಳ ಎದ್ದಿತು. ಸ್ವಲ್ಪ ಉದ್ದ ಆಗುತ್ತೆ, ಬೈಯಬೇಡಿ.

ನನ್ನ ಮಗನಿಗೆ 13. ಅವನ ತಾತ, ಅಂದರೆ ನಮ್ಮಪ್ಪ, ಎಂದಿನಂತೆ ಕೇಳಿದರು, ಮುಂದೆ ಏನಾಗ್ತೀಯಪ್ಪ ಅಂತ. ಅವನು "ಸಾಕರ್ ಕೋಚ್" ಅಂದ. ಆಟಗಾರ ಅಲ್ಲ, ಕೋಚ್. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿದರು. "ಅಮೆರಿಕಕ್ಕೆ ಹೋಗಿ ಪಿ.ಟಿ. ಮೇಷ್ಟ್ರಾಗ್ತಾನಂತಾ?"

ಓದಿನ ಜೊತೆ ಅದನ್ನೂ ಮಾಡಲಿ ಬಿಡಿ ಅಂದೆ. ಎರಡು ದೋಣಿ ಮೇಲೆ ಕಾಲಿಟ್ಟವನ ಗತಿ ಏನು ಅಂತ ಶುರು ಮಾಡಿದರು. ಆಗ ನಾನು ಹೇಳಿದ್ದು ಅಮೆರಿಕದ ಸಾಕರ್ ಕೋಚ್ ಸಿಗಿ ಶ್ಮಿಡ್ ಕಥೆ. ಇಲ್ಲೂ ಹೇಳುತ್ತೇನೆ. ನಮ್ಮ ಗುಂಪಿನಲ್ಲಿ ಸಾಕರ್ ಅಮ್ಮಂದಿರು, ಅಪ್ಪಂದಿರು ಇಷ್ಟು ಜನ ಇದ್ದರೂ ಅವರ ಹೆಸರು ಯಾರೂ ಎತ್ತಿದ್ದನ್ನು ನಾನು ನೋಡಿಲ್ಲ.

ಸಿಗಿ ಹುಟ್ಟಿದ್ದು 1953ರಲ್ಲಿ, ಜರ್ಮನಿಯ ಟ್ಯೂಬಿಂಗನ್‌ನಲ್ಲಿ. ಚಿಕ್ಕ ಮಗುವಾಗಿದ್ದಾಗಲೇ ಮನೆಯವರು ಅಮೆರಿಕಕ್ಕೆ ಬಂದರು. ಬೆಳೆದದ್ದು ಲಾಸ್ ಏಂಜಲೀಸ್ ಪಕ್ಕದ ಟಾರೆನ್ಸ್‌ನಲ್ಲಿ. ಅದೇ ಟಾರೆನ್ಸ್‌ನಲ್ಲಿ 1964ರಲ್ಲಿ ಒಂಬತ್ತು ತಂಡ ಇಟ್ಟುಕೊಂಡು ಒಂದು ಮಕ್ಕಳ ಸಾಕರ್ ಸಂಘ ಶುರುವಾಯಿತು. ಅದೇ ಎವೈಎಸ್ಒ. ಹೌದು, ನಮ್ಮ ಮಕ್ಕಳನ್ನು ಶನಿವಾರ ಕರೆದುಕೊಂಡು ಹೋಗುತ್ತೇವಲ್ಲ, ಅದೇ. ಅದರ ಮೊದಲ ವರ್ಷದ ಮಕ್ಕಳಲ್ಲಿ ಸಿಗಿ ಒಬ್ಬ. ಆ ಕಾಲದ ಅಮೆರಿಕದಲ್ಲಿ ಈ ಆಟ ಆಡುತ್ತಿದ್ದವರು ಜಾಸ್ತಿ ಹೊರಗಿನಿಂದ ಬಂದವರೇ. ಶಾಲೆಯ ಹುಡುಗರಿಗೆ ಬೇಸ್‌ಬಾಲ್ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ನಮ್ಮ ಮಕ್ಕಳು ಅಲ್ಲಿ ಕ್ರಿಕೆಟ್ ಬ್ಯಾಟ್ ಹಿಡಿದು ಪಾರ್ಕಿಗೆ ಹೋದ ಹಾಗೆ ಅಂದುಕೊಳ್ಳಿ.

ಆಮೇಲೆ ಲಾಸ್ ಏಂಜಲೀಸ್‌ನ ಯುಸಿಎಲ್ಎ ವಿಶ್ವವಿದ್ಯಾಲಯದ ತಂಡದಲ್ಲಿ ನಾಲ್ಕು ವರ್ಷ ಆಡಿದರು, 1972ರಿಂದ 1975. ಓದಿದ್ದು ಅರ್ಥಶಾಸ್ತ್ರ. ಆಮೇಲೆ ಎಂಬಿಎ. ಕೆಲಸ? ಲೆಕ್ಕಪತ್ರದ್ದು. ನಮ್ಮ ಕಡೆ ಸಿಎ ಅಂತೀವಲ್ಲ, ಹೆಚ್ಚುಕಮ್ಮಿ ಅದೇ. 1980ರಲ್ಲಿ ಯುಸಿಎಲ್ಎ ತಂಡಕ್ಕೆ ಮುಖ್ಯ ಕೋಚ್ ಆದರು. ಮೊದಲ ವರ್ಷಗಳಲ್ಲಿ ಆ ಲೆಕ್ಕದ ಕೆಲಸವನ್ನೂ ಇಟ್ಟುಕೊಂಡೇ ಕೋಚಿಂಗ್ ಮಾಡಿದರು.

ಇಲ್ಲಿ ಅಪ್ಪನ ಕಿವಿ ನೆಟ್ಟಗಾಯಿತು. "ಲೆಕ್ಕದವನಾ?" ಅಂದರು. ಮರ್ಯಾದೆ ಸ್ವಲ್ಪ ಹೆಚ್ಚಿತು.

ಆ ತಂಡದಲ್ಲಿ 19 ವರ್ಷ ಇದ್ದು ಮೂರು ಸಲ ಇಡೀ ದೇಶದ ಕಾಲೇಜು ಚಾಂಪಿಯನ್‌ಶಿಪ್ ಗೆದ್ದರು: 1985, 1990, 1997. 1985ರ ಫೈನಲ್ ಸಿಯಾಟಲ್‌ನ ಕಿಂಗ್‌ಡೋಮ್ ಕ್ರೀಡಾಂಗಣದಲ್ಲಿ ನಡೆಯಿತು. ಒಂದೂ ಗೋಲ್ ಬೀಳದೆ ಹೆಚ್ಚುವರಿ ಸಮಯದ ಮೇಲೆ ಹೆಚ್ಚುವರಿ ಸಮಯ ಕೊಟ್ಟು, ಎಂಟನೆಯದರಲ್ಲಿ ಒಂದು ಗೋಲ್ ಬಿತ್ತು. ಆ ಕಿಂಗ್‌ಡೋಮ್ ಅನ್ನು 2000ದಲ್ಲಿ ಸಿಡಿಮದ್ದು ಇಟ್ಟು ಕೆಡವಿದರು. ಅದೇ ಜಾಗದಲ್ಲಿ ಎದ್ದ ಹೊಸ ಕ್ರೀಡಾಂಗಣದಲ್ಲೇ 2009ರಿಂದ ಸಿಗಿ ಸಿಯಾಟಲ್ ಸೌಂಡರ್ಸ್ ತಂಡಕ್ಕೆ ಕೋಚ್ ಆಗಿದ್ದರು. ಈ ಒಂದು ವಿಷಯ ನನಗೆ ಯಾಕೋ ಬಹಳ ಇಷ್ಟ.

ಅವರ ಕೈಕೆಳಗೆ ಬೆಳೆದವರಲ್ಲಿ ಕೋಬಿ ಜೋನ್ಸ್ ಹೆಸರು ನೆನಪಿಡಿ. ಸ್ಕಾಲರ್‌ಶಿಪ್ ಇಲ್ಲದೆ ಸುಮ್ನೆ ಬಂದು ತಂಡ ಸೇರಿದ ಹುಡುಗ. ಮುಂದೆ ಅಮೆರಿಕದ ಪರ 164 ಪಂದ್ಯ ಆಡಿದ. ಅಲ್ಲಿನ ಪುರುಷರ ತಂಡದಲ್ಲಿ ಅಷ್ಟು ಆಡಿದವರು ಇನ್ನೊಬ್ಬರಿಲ್ಲ. ಸ್ಕಾಲರ್‌ಶಿಪ್ ಸಿಗುತ್ತೆ ಅಂತ ಲೆಕ್ಕ ಹಾಕಿಕೊಂಡು ಮಗುವನ್ನು ವಾರಕ್ಕೆ ಐದು ದಿನ ಓಡಾಡಿಸುತ್ತಿರುವವರು ಇದನ್ನು ಓದಲಿ. ಕಾಲೇಜು ಪುರುಷರ ಸಾಕರ್‌ನಲ್ಲಿ ಬಹಳ ಕಾಲ ಒಂದು ತಂಡಕ್ಕೆ ಇದ್ದದ್ದು ಒಟ್ಟು 9.9 ಪೂರ್ತಿ ಸ್ಕಾಲರ್‌ಶಿಪ್. ಅದನ್ನೇ ಇಪ್ಪತ್ತು, ಇಪ್ಪತ್ತೈದು ಹುಡುಗರಿಗೆ ಹಂಚಬೇಕಿತ್ತು. ಮದುವೆ ಮನೆಯ ಕೊನೆ ಪಂಕ್ತಿಯ ಪಾಯಸ ಇದ್ದ ಹಾಗೆ.

ನನಗೂ ಆ ಹುಚ್ಚು ಇತ್ತು. ಎರಡು ವರ್ಷದ ಹಿಂದೆ ಒಂದು ದೊಡ್ಡ ಕ್ಲಬ್‌ಗೆ ಸೇರಿಸಿದೆವು. ಹೆಸರು ಬೇಡ. ಕಟ್ಟಿದ ದುಡ್ಡಿಗೆ ಇಲ್ಲಿ ಒಂದು ಬೋರ್‌ವೆಲ್ ಕೊರೆಸಬಹುದಿತ್ತು, ಕೋಲಾರದ ಆಳಕ್ಕೇ. ಮಗ ಇಡೀ ಸೀಸನ್ ಬೆಂಚ್ ಕಾದ. ವಾಪಸ್ ಎವೈಎಸ್ಒಗೆ ತಂದು ಹಾಕಿದೆವು. ಅಲ್ಲಿ ಪ್ರತಿ ಮಗುವೂ ಕನಿಷ್ಠ ಅರ್ಧ ಆಟ ಆಡಲೇಬೇಕು, ಅದು ನಿಯಮ. ಕೋಚ್‌ಗಳೆಲ್ಲ ಸಂಬಳವಿಲ್ಲದ ಅಪ್ಪ ಅಮ್ಮಂದಿರು. ಅಲ್ಲೇ ಇವನು ಚಿಕ್ಕ ಮಕ್ಕಳ ತಂಡಕ್ಕೆ ಸಹಾಯ ಮಾಡೋಕೆ ನಿಂತದ್ದು. ಏಳು ವರ್ಷದ ಮಕ್ಕಳೆಲ್ಲ ಒಂದೇ ಚೆಂಡಿನ ಹಿಂದೆ ಜೇನುಹುಳದ ಹಾಗೆ ಮುತ್ತಿಕೊಂಡು ಓಡುವುದನ್ನು ಬಿಡಿಸುವುದು ಅವನಿಗೆ ಗೋಲ್ ಹೊಡೆಯುವುದಕ್ಕಿಂತ ಖುಷಿ. ಕೋಚ್ ಆಗ್ತೀನಿ ಅಂದದ್ದು ಅಲ್ಲಿಂದ ಬಂದ ಮಾತು.

ಇನ್ನು ಅಪ್ಪನ ನಿಜವಾದ ಪ್ರಶ್ನೆ: "ಅದು ಪರ್ಮನೆಂಟ್ ಕೆಲಸವಾ?"

ಅಲ್ಲ, ಖಂಡಿತ ಅಲ್ಲ. ಇದನ್ನು ಮಗನಿಗೂ ಮುಚ್ಚಿಟ್ಟಿಲ್ಲ. ಸಿಗಿ 1999ರಲ್ಲಿ ಲಾಸ್ ಏಂಜಲೀಸ್ ಗ್ಯಾಲಕ್ಸಿ ತಂಡಕ್ಕೆ ಹೋದರು, 2002ರಲ್ಲಿ ಎಂಎಲ್ಎಸ್ (ಅಲ್ಲಿನ ದೊಡ್ಡ ವೃತ್ತಿಪರ ಸಾಕರ್ ಲೀಗ್) ಕಪ್ ಗೆದ್ದುಕೊಟ್ಟರು. 2004ರಲ್ಲಿ ತಂಡ ತನ್ನ ವಿಭಾಗದಲ್ಲಿ ಮೊದಲ ಸ್ಥಾನದಲ್ಲಿ ಇರುವಾಗಲೇ ಅವರನ್ನು ತೆಗೆದರು. ಕೊಲಂಬಸ್ ತಂಡಕ್ಕೆ ಹೋದರು, 2008ರಲ್ಲಿ ಮತ್ತೆ ಕಪ್. ಸಿಯಾಟಲ್‌ನಲ್ಲಿ ಸತತ ಮೂರು ವರ್ಷ ಯುಎಸ್ ಓಪನ್ ಕಪ್ ಅನ್ನುವ ಇನ್ನೊಂದು ಪಂದ್ಯಾವಳಿ, 2014ರಲ್ಲಿ ಇನ್ನೊಂದು. 2016ರ ಜುಲೈನಲ್ಲಿ ತಂಡ ಸೋಲುತ್ತಿತ್ತು, ಹೊರಗೆ ಬಂದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅದೇ ತಂಡ ಎಂಎಲ್ಎಸ್ ಕಪ್ ಗೆದ್ದಿತು! ಹೊಟ್ಟೆ ಎಷ್ಟು ಉರಿದಿರಬೇಡ. 2018ರ ಕ್ರಿಸ್‌ಮಸ್ ದಿನ ತೀರಿಕೊಂಡರು, 65ನೇ ವಯಸ್ಸಿಗೆ. ಆ ಹೊತ್ತಿಗೆ ಎಂಎಲ್ಎಸ್‌ನಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದ ಕೋಚ್ ಅವರೇ. ಈಗ ವರ್ಷದ ಕೋಚ್ ಪ್ರಶಸ್ತಿಗೂ ಅವರ ಹೆಸರಿದೆ.

ಈಗ ತಾರೀಕುಗಳನ್ನು ನೋಡಿ. ಎಂಎಲ್ಎಸ್ ಅನ್ನುವ ಲೀಗ್ ಆಟ ಶುರು ಮಾಡಿದ್ದೇ 1996ರಲ್ಲಿ. ಸಿಗಿಗೆ ಆಗ 43. ಅವರಿಗೆ ಹೆಸರು ತಂದ ಕೆಲಸ ಅವರು 13ರ ಹುಡುಗನಾಗಿದ್ದಾಗ ಇರಲೇ ಇಲ್ಲ. ಯಾವ ತಾತ ಯಾವ ಜಗಲಿ ಮೇಲೆ ಕೂತು ಅದನ್ನು ಪ್ಲಾನ್ ಮಾಡಬಹುದಿತ್ತು?

ಇಷ್ಟು ಹೇಳುವ ಹೊತ್ತಿಗೆ ನಮ್ಮ ಸೋದರಮಾವ ಒಳಗಿಂದ ಬಂದು ಕೂತರು. ಕೆಜಿಎಫ್‌ನವರು, ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ನೆಲದೊಳಗೆ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳ ಹೋಗಿದ್ದ ಗಣಿ ಅದು. ಪರ್ಮನೆಂಟ್ ಅಂದರೆ ಅದಕ್ಕಿಂತ ಪರ್ಮನೆಂಟ್ ಕೆಲಸ ನಮ್ಮ ಜಿಲ್ಲೆಯಲ್ಲಿ ಯಾವುದಿತ್ತು? ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ ಎಲ್ಲ ಗಣಿಯದೇ. ಬೆಂಗಳೂರಿಗೂ ಮುಂಚೆ, 1902ರಲ್ಲೇ, ಶಿವನಸಮುದ್ರದಿಂದ ಕರೆಂಟು ಬಂದ ಊರು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದರು. ಆಮೇಲೆ ಮಾವನ ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್. ಮಾವ ಕೆಜಿಎಫ್‌ನ ಮೈದಾನಗಳಲ್ಲಿ ಫುಟ್‌ಬಾಲ್ ಆಡಿದವರು. ಈಗಲೂ ಮೊಣಕಾಲು ನೋವು ಬಂದರೆ ಗಣಿಯನ್ನು ಬೈಯಲ್ಲ, ಯಾವುದೋ ಎದುರಾಳಿ ಬ್ಯಾಕ್‌ನನ್ನು ಬೈಯುತ್ತಾರೆ.

ಅಪ್ಪನಿಗೆ ಅವರು ಹೇಳಿದ್ದು ಇಷ್ಟೇ: "ಭಾವ, ನಾನು ಒಂದೇ ದೋಣೀಲಿ ಕೂತಿದ್ದೆ."

ಮತ್ತೆ ಕನ್ನಡ ಕ್ಲಾಸಿನ ವಿಷಯ. ಗುಂಪಿನಲ್ಲಿ ಒಬ್ಬರು ಬರೆದಿದ್ದಾರೆ, ಮಗುವಿಗೆ ಆಟ, ಓದು, ಇಂಗ್ಲಿಷ್, ಕನ್ನಡ ಎಲ್ಲ ತುರುಕಿದರೆ ಭಾರ ಆಗುತ್ತೆ ಅಂತ. ನನಗೆ ನಗು ಬಂತು, ಕೋಪ ಬೇಡ. ನಮ್ಮ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯ ಚೌಕಾಸಿ ತೆಲುಗಿನಲ್ಲಿ, ಪಹಣಿ ಕನ್ನಡದಲ್ಲಿ, ಮನೆ ಮಾತು ಎರಡರ ಕಲಸುಮೇಲೋಗರ. ಯಾವ ಮಗುವೂ ಭಾರ ಅಂತ ಕೂತದ್ದನ್ನು ಕಾಣೆ. ಇಲ್ಲಿ ಬಂದು ಹತ್ತು ದಿನಕ್ಕೆ ನನ್ನ ಮಗ ಬೀದಿ ಹುಡುಗರಿಗೆ ಪಾಸ್ ಕೊಡೋದು ಹೇಳಿಕೊಡುತ್ತಿದ್ದಾನೆ. ಅವನ ಕನ್ನಡ ಕ್ಲಾಸಿನ ಕನ್ನಡ ಅಲ್ಲ ಅದು. "ಲೇ, ಗುಂಪು ಕಟ್ಬೇಡ್ರೋ, ಅಗಲಕ್ಕೆ ಹೋಗ್ರೋ" ಅಂತಾನೆ. ವ್ಯಾಕರಣ ಇಲ್ಲ, ಆದರೆ ಹುಡುಗರು ಅಗಲಕ್ಕೆ ಹೋಗುತ್ತಾರೆ. ಎರಡು ವರ್ಷದ ಕ್ಲಾಸಿನಲ್ಲಿ ಇಷ್ಟು ಬಂದಿರಲಿಲ್ಲ, ಮೇಷ್ಟ್ರು ಕ್ಷಮಿಸಲಿ.

ಅದಕ್ಕೆ ನನ್ನ ಒಂದು ಸಲಹೆ ಇದೆ. ನಮ್ಮ ಕಡೆಯ ಕನ್ನಡ ಕ್ಲಾಸನ್ನು ಶನಿವಾರ ಬೆಳಗ್ಗೆಯಿಂದ ಭಾನುವಾರ ಸಂಜೆಗೆ ಹಾಕೋಣ. ಮೊದಲ ಅರ್ಧ ಗಂಟೆ ಪಾರ್ಕಿನಲ್ಲಿ ಚೆಂಡು, ಮಾತೆಲ್ಲ ಕನ್ನಡದಲ್ಲೇ. ಆಮೇಲೆ ಪುಸ್ತಕ. ದೊಡ್ಡ ಮಕ್ಕಳೇ ಚಿಕ್ಕವರನ್ನು ಆಡಿಸಲಿ. ಏಳು ಮನೆಯವರು ಈಗಾಗಲೇ ಒಪ್ಪಿದ್ದಾರೆ. ಮೇಷ್ಟ್ರನ್ನು ಒಪ್ಪಿಸಬೇಕು, ಆ ಕೆಲಸಕ್ಕೆ ಯಾರಾದರೂ ಬನ್ನಿ, ನನ್ನ ಮಾತು ಅವರು ಕೇಳಲ್ಲ. ನಾವು ಮುಂದಿನ ತಿಂಗಳು ವಾಪಸ್. ಅಷ್ಟರಲ್ಲಿ ಪಾರ್ಕಿನ ಪರ್ಮಿಟ್ ವಿಚಾರಿಸಿ ಇಡಿ.

ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ಇವತ್ತು ಬೆಳಗ್ಗೆ ಕಾಫಿ ಕುಡಿಯುತ್ತಾ, ಆ ಲೆಕ್ಕದವನು ಲೆಕ್ಕದ ಕೆಲಸ ಬಿಟ್ಟದ್ದು ಎಷ್ಟನೇ ವಯಸ್ಸಿಗೆ ಅಂತ ಮತ್ತೆ ಕೇಳಿದರು.