ಡ್ರಮ್ ತೆಗೆದು ಡಿಸ್ಕ್ ಹಾಕಿದ ಮೇಲೆ ಹಿಂದಿನ ಬ್ರೇಕ್ ಹಿಡಿಯುತ್ತಿಲ್ಲ

ಪ್ರಶ್ನೆ
ಹಿಂಬದಿ ಚಕ್ರಗಳಿಂದ ಓಡುವ ಹಳೆ ಸೆಡಾನ್. ರೇಸಿಗೆಂದು ಹಿಂದಿನ ಸೀಟು, ಕಾರ್ಪೆಟ್ ಎಲ್ಲ ತೆಗೆದಿದೆ. ಹಿಂದೆ ಡ್ರಮ್ ಬದಲು ಡಿಸ್ಕ್, 34 ಮಿ.ಮೀ. ಪಿಸ್ಟನ್ನಿನ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ); ಮುಂದಿನದರ ಪಿಸ್ಟನ್ 54 ಮಿ.ಮೀ. ಪೆಡಲ್ ತುಳಿದಾಗ ಒತ್ತಡ ಹುಟ್ಟಿಸುವ ಮಾಸ್ಟರ್ ಸಿಲಿಂಡರ್, ಅದಕ್ಕೆ ಬಲ ಕೂಡಿಸುವ ಬೂಸ್ಟರ್ ಹಳೆಯವೇ. ಹಿಂದಿನ ಪೈಪಿಗೆ ಕೈಯಲ್ಲಿ ತಿರುಗಿಸುವ ಪ್ರೊಪೋರ್ಷನಿಂಗ್ ವಾಲ್ವ್ (ಹಿಂದಕ್ಕೆ ಹೋಗುವ ಒತ್ತಡ ಇಳಿಸುವ ಸಾಧನ) ಸೇರಿಸಿ ಪೂರ್ತಿ ತೆರೆದಿಟ್ಟಿದ್ದೇನೆ. ಪೆಡಲ್ ಗಟ್ಟಿಯಾಗಿದೆ, ಮೂರು ಸಲ ಬ್ಲೀಡ್ (ಪೈಪಿನ ಗಾಳಿ ತೆಗೆಯುವುದು) ಆಗಿದೆ. ಆದರೂ ಓಡಿಸಿ ನಿಲ್ಲಿಸಿದಾಗ ಮುಂದಿನ ಡಿಸ್ಕ್ 280 ಡಿಗ್ರಿ, ಹಿಂದಿನದು 70. ದೊಡ್ಡ ಕ್ಯಾಲಿಪರ್ ಹಾಕಲೇ?

ಉತ್ತರ 1
ಕ್ಯಾಲಿಪರ್ ಈಗಲೇ ಕೊಳ್ಳಬೇಡಿ. ಎರಡು ಪಿಸ್ಟನ್‌ಗಳ ವಿಸ್ತೀರ್ಣ 2290 ಮತ್ತು 908 ಚದರ ಮಿ.ಮೀ., ಅಂದರೆ ಸುಮಾರು ಎರಡೂವರೆ ಪಟ್ಟು ವ್ಯತ್ಯಾಸ. ಎರಡೂ ಕಡೆ ಒಂದೇ ಒತ್ತಡ ಬಂದರೆ ಇದು ಸಾಕು. ಪೆಡಲ್ ಗಟ್ಟಿಯಿದ್ದರೆ ಗಾಳಿಯ ಮೇಲೆ ಅನುಮಾನ ಕಡಿಮೆ. ಒತ್ತಡವನ್ನು ದಾರಿಯಲ್ಲೇ ಏನೋ ತಡೆಯುತ್ತಿದೆ.

ಮೊದಲು ಅಳೆಯಿರಿ. 140 ಬಾರ್ ವರೆಗಿನ ಒತ್ತಡದ ಗೇಜ್ ಎರಡು ಬೇಕು, ಬ್ಲೀಡರ್ (ಗಾಳಿ ಬಿಡುವ ಸ್ಕ್ರೂ) ಥ್ರೆಡ್ಡಿಗೆ ಹೊಂದುವ ಅಡಾಪ್ಟರ್ ಸಮೇತ. ಒಂದನ್ನು ಮುಂದಿನ ಕ್ಯಾಲಿಪರಿಗೆ, ಇನ್ನೊಂದನ್ನು ಹಿಂದಿನದಕ್ಕೆ ಕೂರಿಸಿ, ಗೇಜ್ ಪೈಪಿನ ಗಾಳಿಯನ್ನೂ ತೆಗೆಯಿರಿ. ಎಂಜಿನ್ ಚಾಲೂ ಮಾಡಿ, ಮುಂದಿನದು 70 ಬಾರ್ ತೋರಿಸುವಷ್ಟು ತುಳಿದು ಹಿಡಿದು, ಹಿಂದಿನದನ್ನು ಓದಿ.

ಇನ್ನೊಂದು ಮಾತು: ಹಿಂದಿನ ಆಕ್ಸಲಿಗೆ ಸ್ಪ್ರಿಂಗ್ ಮತ್ತು ಲೀವರ್ ಕಟ್ಟಿರುವ ಹಳೆಯ ವಾಲ್ವ್ ಇನ್ನೂ ಇದೆಯೇ?

ಉತ್ತರ 2
ಗೇಜ್ ಸಿಗುವ ತನಕ ಇವಿಷ್ಟು ನೋಡಿ. ಬ್ಲೀಡರ್ ಮೇಲ್ಮುಖವಾಗಿರಬೇಕು, ಕ್ಯಾಲಿಪರ್ ಎಡ-ಬಲ ಅದಲುಬದಲಾದರೆ ಅದು ಕೆಳಗೆ ಬಂದು, ಎಷ್ಟು ಬ್ಲೀಡ್ ಮಾಡಿದರೂ ಮೇಲ್ಭಾಗದ ಗಾಳಿ ಹೋಗದು. ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಕೈಯಲ್ಲೇ ಸರಿಯಬೇಕು. ಹ್ಯಾಂಡ್‌ಬ್ರೇಕ್ ಲೀವರ್ ಕ್ಯಾಲಿಪರ್ ಮೇಲಿದ್ದರೆ ಕೇಬಲ್ ಸಡಿಲಿಸಿ, ಅದು ತನ್ನ ಸ್ಟಾಪಿಗೆ ಪೂರ್ತಿ ಮರಳಲಿ.

ಪ್ಯಾಡ್ ಕೂಡ ಮುಖ್ಯ. ಹೆಚ್ಚು ಬಿಸಿಗೆಂದೇ ಮಾಡಿದ ರೇಸ್ ಪ್ಯಾಡ್ 70 ಡಿಗ್ರಿಯಲ್ಲಿ ಸರಿಯಾಗಿ ಕಚ್ಚದು. ಕಚ್ಚದೆ ಬಿಸಿಯೂ ಏರದು.

ಪ್ರಶ್ನೆ ಕೇಳಿದವರು
ಅಳೆದೆ. ಮುಂದೆ 70, ಹಿಂದೆ 24 ಬಾರ್. ಲೀವರ್ ಇರುವ ವಾಲ್ವ್ ಹಾಗೇ ಇದೆ, ತೆಗೆದಿಲ್ಲ. ಬ್ಲೀಡರ್, ಪಿನ್, ಕೇಬಲ್ ಸರಿಯಿವೆ.

ಉತ್ತರ 1
ಹಾಗಾದರೆ ಕಾರಣ ಆ ಹಳೆ ವಾಲ್ವೇ. ಹಿಂದಿನ ಭಾರ ನೋಡಿ ಒತ್ತಡ ಕಡಿಮೆ ಮಾಡುವುದು ಅದರ ಕೆಲಸ. ಸೀಟು ತೆಗೆದು ಬಾಡಿ ಮೇಲೆದ್ದಿದೆ. ವಾಲ್ವ್ ಪಾಲಿಗೆ ಗಾಡಿ ಸದಾ ಖಾಲಿ. ಅಲ್ಲದೆ ಅದನ್ನು ಹೊಂದಿಸಿದ್ದು ಡ್ರಮ್ಮಿಗೆ. ಡ್ರಮ್ಮಿನ ಶೂ (ಒಳಗಿನಿಂದ ಡ್ರಮ್ಮಿಗೆ ಒತ್ತುವ ಪಟ್ಟಿ) ಚಕ್ರ ತಿರುಗುವ ರಭಸಕ್ಕೆ ತಾನೇ ಡ್ರಮ್ಮಿಗೆ ಇನ್ನಷ್ಟು ಬಿಗಿಯುತ್ತದೆ, ಕಡಿಮೆ ಒತ್ತಡ ಸಾಕು. ಡಿಸ್ಕಿಗೆ ಆ ಸಹಾಯ ಇಲ್ಲ. ನಿಮ್ಮ ಹೊಸ ವಾಲ್ವ್ ಒತ್ತಡ ಇಳಿಸಬಲ್ಲದೇ ಹೊರತು ಏರಿಸಲಾರದು, ಪೂರ್ತಿ ತೆರೆದರೂ ಪ್ರಯೋಜನವಿಲ್ಲದ್ದು ಅದಕ್ಕೇ.

ಖಚಿತಪಡಿಸಿಕೊಳ್ಳಲು ಲೀವರನ್ನು ಭಾರ ತುಂಬಿದ ಸ್ಥಿತಿಯ ಕಡೆಗೆ ಕೊನೆತನಕ ಎಳೆದು ತಂತಿಯಲ್ಲಿ ಕಟ್ಟಿ ಮತ್ತೆ ಅಳೆಯಿರಿ. ಹಿಂದಿನ ಒತ್ತಡ ಏರಿದರೆ ವಾಲ್ವ್ ತೆಗೆದು ನೇರ ಪೈಪ್ ಹಾಕಿ. ಹಳೆ ಪೈಪಿನ ತುದಿ ಡಬಲ್ ಫ್ಲೇರೋ ಬಬಲ್ ಫ್ಲೇರೋ (ತುದಿ ಅರಳಿಸುವ ಎರಡು ಬಗೆ) ನೋಡಿಕೊಳ್ಳಿ. ಎರಡನ್ನು ಬೆರೆಸಿದರೆ ಸೋರುತ್ತದೆ. ಮುಂದೆ ಒಂದು, ಹಿಂದೆ ಒಂದು ಸರ್ಕಿಟ್ ಇದ್ದರೆ ಮಾತ್ರ ಇದು ಸರಿ. ಕರ್ಣರೇಖೆಯ ಸರ್ಕಿಟ್ಟಿನ (ಮುಂದಿನ ಒಂದು, ಎದುರು ಬದಿಯ ಹಿಂದಿನ ಒಂದು ಚಕ್ರ ಜೋಡಿಯಾಗಿರುವ) ಗಾಡಿಯಲ್ಲಿ ಹಿಂದಿನ ಎರಡು ಪೈಪ್ ಕೂಡಿಸಿ ಒಂದೇ ವಾಲ್ವ್ ಹಾಕಿದರೆ, ಒಂದು ಕಡೆ ಸೋರಿದಾಗ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ.

ಪ್ರಶ್ನೆ ಕೇಳಿದವರು
ಮುಂದೆ-ಹಿಂದೆ ಸರ್ಕಿಟ್ಟೇ. ಲೀವರ್ ಕಟ್ಟಿದಾಗ 51 ಬಾರ್ ಬಂತು. ವಾಲ್ವ್ ತೆಗೆದು ಬ್ಲೀಡ್ ಮಾಡಿದ ಮೇಲೆ ಎರಡೂ ಕಡೆ 70.

ಉತ್ತರ 2
ಪೆಡಲ್ ಬಿಟ್ಟ ಮೇಲೆ ಹಿಂದಿನ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗುತ್ತಿದೆಯೇ ನೋಡಿ. ಡ್ರಮ್ಮಿಗೆಂದು ಮಾಡಿದ ಕೆಲವು ಮಾಸ್ಟರ್ ಸಿಲಿಂಡರ್ ಒಳಗೆ ಸುಮಾರು 0.7 ಬಾರ್ ಉಳಿಸುವ ಪುಟ್ಟ ವಾಲ್ವ್ ಇರುತ್ತದೆ. ಅದಿದ್ದರೆ ಪ್ಯಾಡ್ ಸದಾ ಉಜ್ಜುತ್ತದೆ.

ಇನ್ನು ಹೊಂದಿಸುವಾಗ ಹೊಸ ವಾಲ್ವನ್ನು ಹಿಂದಕ್ಕೆ ಅತಿ ಕಡಿಮೆ ಒತ್ತಡ ಹೋಗುವಂತೆ ಇಟ್ಟು ಶುರು ಮಾಡಿ. ಖಾಲಿ ಟ್ರ್ಯಾಕಿನಲ್ಲಿ ನೇರ ಓಡಿಸಿ ಜೋರಾಗಿ ತುಳಿಯಿರಿ, ಪ್ರತಿ ಸಲ ಒತ್ತಡ ಹೆಚ್ಚುವ ಕಡೆಗೆ ಕಾಲು ಸುತ್ತು ತಿರುಗಿಸಿ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ಗಿರ್ರನೆ ತಿರುಗುತ್ತದೆ, ಆದ್ದರಿಂದ ಮುಂದಿನದೇ ಕೂದಲೆಳೆಯಷ್ಟು ಮೊದಲು ಲಾಕ್ ಆಗುವಲ್ಲಿ ನಿಲ್ಲಿಸಿ. ಟೈರ್ ಅಥವಾ ಪ್ಯಾಡ್ ಬದಲಿಸಿದಾಗ ಇದನ್ನು ಮತ್ತೆ ಮಾಡಬೇಕು.