ಸಿ ಮೊದಲೋ, ಪೈಥಾನ್ ಮೊದಲೋ?

ಪ್ರಶ್ನೆ (ಹಾಸನ): ನಾನು ಬಿಸಿಎ ಮೊದಲ ವರ್ಷದ ವಿದ್ಯಾರ್ಥಿನಿ. ತರಗತಿಯಲ್ಲಿ ಸಿ ಕಲಿಸುತ್ತಿದ್ದಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣ ಪೈಥಾನ್ ಕಲಿ ಎನ್ನುತ್ತಾನೆ. ಎರಡೂ ಕಂಪ್ಯೂಟರಿಗೆ ಸೂಚನೆ ಕೊಡುವ ಭಾಷೆಗಳೇ ಆಗಿರುವಾಗ ಇಷ್ಟೊಂದು ಬಗೆಗಳು ಏಕೆ ಬೇಕಾದವು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಚಿಕ್ಕಮಗಳೂರು): ಪ್ರೊಸೆಸರಿಗೆ ಅರ್ಥವಾಗುವುದು ಸೊನ್ನೆ, ಒಂದುಗಳ ಯಂತ್ರಭಾಷೆ ಮಾತ್ರ. 1972ರ ಸುಮಾರಿಗೆ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯ ಪ್ರೋಗ್ರಾಮನ್ನು ಕಂಪೈಲರ್ ಮೊದಲೇ ಯಂತ್ರಭಾಷೆಗೆ ತಿರುಗಿಸಿಡುವುದರಿಂದ ಅದು ವೇಗವಾಗಿ ನಡೆಯುತ್ತದೆ. 1991ರಲ್ಲಿ ಹೊರಬಂದ ಪೈಥಾನ್‌ನಲ್ಲಿ ಇಂಟರ್‌ಪ್ರಿಟರ್ ಸೂಚನೆಗಳನ್ನು ಓದುತ್ತಲೇ ನಡೆಸುವುದರಿಂದ ವೇಗ ಕಡಿಮೆ, ಬರೆಯುವ ಶ್ರಮವೂ ಕಡಿಮೆ. ನಮ್ಮ ಕಾಫಿ ತೋಟದ ಬಟವಾಡೆ ಲೆಕ್ಕಕ್ಕೆ ಸಿ ಭಾಷೆಯಲ್ಲಾದರೆ ಕೂಲಿಯ ಮೊತ್ತ ಪೂರ್ಣಾಂಕವೋ ದಶಮಾಂಶವೋ ಎಂದು ಮುಂಚಿತವಾಗಿ ಘೋಷಿಸಬೇಕು. ಪೈಥಾನ್‌ನಲ್ಲಿ ‘ಕೂಲಿ = 450’ ಎಂದರೆ ಸಾಕು. (ಪೈಥಾನ್ 3ರಲ್ಲಿ ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದು; ನಾನು ಇಟ್ಟಿದ್ದೇನೆ.)

ಉತ್ತರ 2 (ಹಾಸನ): ಡೇಟಾಬೇಸಿನಿಂದ, ಅಂದರೆ ಜೋಡಿಸಿಟ್ಟ ಮಾಹಿತಿಯ ಸಂಗ್ರಹದಿಂದ, ಬೇಕಾದ್ದನ್ನು ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಅನ್ನು ಮರೆಯಬೇಡಿ. ಅದರಲ್ಲಿ ಯಾವ ಮಾಹಿತಿ ಬೇಕೆಂದಷ್ಟೇ ಬರೆಯುತ್ತೇವೆ, ಹುಡುಕುವ ದಾರಿಯನ್ನು ಡೇಟಾಬೇಸೇ ನಿರ್ಧರಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಪಾಯಿಂಟರ್ (ಮೆಮೊರಿಯಲ್ಲಿ ಮಾಹಿತಿ ಇರುವ ಜಾಗದ ವಿಳಾಸವನ್ನು ಹಿಡಿದಿಡುವ ವೇರಿಯಬಲ್) ಅರ್ಥವಾಗುವವರೆಗೆ ಸಿ ಬಿಡಬಾರದು. ಆಮೇಲೆ ಪೈಥಾನ್‌ಗೆ ಹೆಚ್ಚು ದಿನ ಹಿಡಿಯುವುದಿಲ್ಲ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಪಾಯಿಂಟರ್ ಪಾಠ ಮುಂದಿನ ವಾರವಿದೆ.